ಲೋಹದ ಹಕ್ಕಿಗಳ ಬೆನ್ನು ಹತ್ತಿದವರು

ಮೈಸೂರಿನಲ್ಲಿ ದಸರಾ ಎಂದರೆ ಆನೆ, ಅಂಬಾರಿ, ದೀಪಾಲಂಕಾರ. 2023ರ ದಸರೆಯಲ್ಲಿ ಆಕಾಶಕ್ಕೂ ಒಂದು ಪಾಲು ಸಿಕ್ಕಿತು. ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡದ ಕೆಂಪು-ಬಿಳಿ ಬಣ್ಣದ ಹಾಕ್ ವಿಮಾನಗಳು ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಮೇಲೆ ಹಾರಾಟ ನಡೆಸಿದವು. ಇಂಥ ಪ್ರದರ್ಶನ ನೋಡಲು ಮೈದಾನದೊಳಗೇ ಕೂರಬೇಕೆಂದಿಲ್ಲ. ಬನ್ನಿಮಂಟಪದಿಂದ ನಾಲ್ಕೈದು ಕಿಲೋಮೀಟರಿನೊಳಗಿರುವ ಜಯಲಕ್ಷ್ಮಿಪುರಂನಂಥ ಬಡಾವಣೆಗಳಲ್ಲಿ ಮನೆಯ ತಾರಸಿಯೇ ಗ್ಯಾಲರಿ.

ಆದರೆ ವಿಮಾನವನ್ನು ಕಣ್ಣಿಂದ ನೋಡುವುದು ಬೇರೆ, ಕ್ಯಾಮೆರಾದಲ್ಲಿ ಹಿಡಿಯುವುದು ಬೇರೆ. ಸದ್ದು ಕೇಳಿ ತಲೆಯೆತ್ತುವಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ಅವಸರದಲ್ಲಿ ಗುಂಡಿ ಒತ್ತಿದರೆ ಸಿಗುವುದು ಖಾಲಿ ಆಕಾಶ ಇಲ್ಲವೇ ಬಾಲದ ತುದಿ. ಈ ಸೋಲನ್ನೇ ಪಂಥವಾಗಿ ತೆಗೆದುಕೊಂಡವರು ಜಗತ್ತಿನ ಎಲ್ಲೆಡೆ ಇದ್ದಾರೆ. ಅವರೇ ವಿಮಾನ ಛಾಯಾಗ್ರಾಹಕರು. ಹೆಚ್ಚಿನವರು ಹವ್ಯಾಸಿಗಳು. ಬ್ಯಾಂಕು, ಶಾಲೆ, ಕಾರ್ಖಾನೆಗಳಲ್ಲಿ ವಾರವಿಡೀ ದುಡಿದು, ರಜೆಯ ದಿನ ವಿಮಾನ ನಿಲ್ದಾಣದ ಬೇಲಿಯ ಬಳಿ ಕಾಯುವವರು.

ಈ ಕಲೆಯ ಹುಟ್ಟೇ ಸ್ವಾರಸ್ಯಕರ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳದಿಬ್ಬಗಳಲ್ಲಿ ಆರ್ವಿಲ್ ರೈಟ್ ತನ್ನ ಯಂತ್ರವನ್ನೇರುವ ಮೊದಲು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಸಜ್ಜುಗೊಳಿಸಿದ್ದ. ರಬ್ಬರ್ ಬುರುಡೆ ಒತ್ತುವ ಕೆಲಸ ಸಮುದ್ರತೀರದ ಜೀವರಕ್ಷಕ ದಳದ ಜಾನ್ ಡೇನಿಯಲ್ಸ್ ಎಂಬಾತನ ಪಾಲಿಗೆ ಬಂತು. ಛಾಯಾಗ್ರಹಣದ ಗಂಧವೇ ಇಲ್ಲದಿದ್ದ ಆತ ಸರಿಯಾದ ಕ್ಷಣದಲ್ಲಿ ಬುರುಡೆ ಒತ್ತಿದ. ಹಾರಾಟ ನಡೆದದ್ದು 12 ಸೆಕೆಂಡು, ಸಾಗಿದ್ದು 120 ಅಡಿ. ಗಾಜಿನ ಪ್ಲೇಟಿನಲ್ಲಿ ಮೂಡಿದ ಚಿತ್ರ ಮಾತ್ರ ಅಮರವಾಯಿತು. ಆಕಾಶಯಾನದ ಯುಗ ಆರಂಭವಾದದ್ದು ಒಬ್ಬ ಹವ್ಯಾಸಿಯ ಸಾಕ್ಷ್ಯದೊಂದಿಗೆ ಎಂದರೆ ತಪ್ಪಾಗಲಾರದು.

ಪಳಗಿದವರಿಗೂ ಈ ಕೆಲಸ ಸುಲಭವಲ್ಲ. ಜೆಟ್ ವಿಮಾನಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕೂ ಕಡಿಮೆ ಅವಧಿಯ ಷಟರ್ ವೇಗ ಬೇಕು. ಅದೇ ವೇಗದಲ್ಲಿ ಪಂಖದ ವಿಮಾನವನ್ನು ತೆಗೆದರೆ ಪಂಖ ಕದಲದೆ ನಿಂತಂತೆ ಮೂಡಿ, ವಿಮಾನ ಎಂಜಿನ್ ಕೆಟ್ಟು ಗಾಳಿಯಲ್ಲಿ ತೂಗುಬಿದ್ದಂತೆ ಕಾಣುತ್ತದೆ. ಪಂಖ ತಿರುಗುತ್ತಿದೆ ಎನಿಸಬೇಕಾದರೆ ಷಟರ್ ವೇಗವನ್ನು ಸೆಕೆಂಡಿನ ನೂರಿಪ್ಪತ್ತೈದರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿಸಬೇಕು. ಇಳಿಸಿದರೆ ಕೈ ನಡುಗಿದ್ದೂ ಚಿತ್ರದಲ್ಲಿ ದಾಖಲಾಗುತ್ತದೆ. ಹಾಗಾಗಿ ಕಾಲು ಊರಿ, ಸೊಂಟದಿಂದ ಮೇಲಿನ ದೇಹವನ್ನು ವಿಮಾನದ ವೇಗಕ್ಕೆ ಸರಿಯಾಗಿ ತಿರುಗಿಸುತ್ತಾ ಗುಂಡಿ ಒತ್ತಬೇಕು. ಹೆಲಿಕಾಪ್ಟರಿನ ರೆಕ್ಕೆಗಳಿಗೆ ಇನ್ನೂ ನಿಧಾನ.

ಹವಾಮಾನದ್ದು ಮತ್ತೊಂದು ಪಾಠ. ನಡುಹಗಲಿನಲ್ಲಿ ರನ್‌ವೇ ಕಾದು, ಮೇಲಿನ ಗಾಳಿ ಬಿಸಿಲ್ಗುದುರೆಯಂತೆ ಅಲೆಯಾಡಿ, ಎಂಥ ದುಬಾರಿ ಲೆನ್ಸನ್ನೂ ಸೋಲಿಸುತ್ತದೆ. ತೇವ ತುಂಬಿದ ಮುಂಜಾನೆ ಯುದ್ಧವಿಮಾನ ಥಟ್ಟನೆ ತಿರುಗಿದರೆ, ರೆಕ್ಕೆಯ ಮೇಲಿನ ಗಾಳಿಯ ಒತ್ತಡ ಕುಸಿದು, ತಣ್ಣಗಾಗಿ, ಆವಿ ಮಂಜಿನಂತೆ ಸಾಂದ್ರಗೊಳ್ಳುತ್ತದೆ. ಈ ಬಿಳಿಯ ಸೆರಗು ನಿಲ್ಲುವುದು ಕ್ಷಣಮಾತ್ರ. ಅದಕ್ಕಾಗಿ ಇಡೀ ದಿನ ಕಾಯುವವರುಂಟು. ಒಂದು ರೋಲಿಗೆ 36 ಚಿತ್ರಗಳಷ್ಟೇ ಇದ್ದ ಕಾಲದಲ್ಲಿ ಪ್ರತಿ ಕ್ಲಿಕ್ಕಿಗೂ ಲೆಕ್ಕವಿತ್ತು. ಡಿಜಿಟಲ್ ಕ್ಯಾಮೆರಾ ಆ ಲೆಕ್ಕವನ್ನು ಅಳಿಸಿತು, ಕಾಯುವುದನ್ನು ಅಳಿಸಲಿಲ್ಲ.

ಈ ಕಾಯುವಿಕೆಯೇ ಸ್ನೇಹದ ಮೂಲ. ವಿಮಾನ ಬಾರದ ಹೊತ್ತಿನಲ್ಲಿ ಪಕ್ಕದವನ ಜೊತೆ ಮಾತನಾಡದೆ ವಿಧಿಯಿಲ್ಲ. ಒಬ್ಬನಿಗೆ ವೇಳಾಪಟ್ಟಿ ಬಾಯಿಪಾಠ. ಇನ್ನೊಬ್ಬ ಎಂಜಿನಿನ ಸದ್ದಿನಿಂದಲೇ ವಿಮಾನದ ಜಾತಿ ಹೇಳಬಲ್ಲ. ಮೂರನೆಯವನ ಬಳಿ ಏಣಿ ಇದೆ, ನಾಲ್ಕನೆಯವನ ಬಳಿ ಫ್ಲಾಸ್ಕಿನ ತುಂಬ ಕಾಫಿ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಗಳನ್ನು ಗುರುತಿಸಲು ಬ್ರಿಟನ್ ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಟ್ಟಿತು. ಅಲ್ಲಿ ಹುಟ್ಟಿದ ವೀಕ್ಷಕರ ಸಂಘಗಳು ಶಾಂತಿಕಾಲದಲ್ಲಿ ಹವ್ಯಾಸವಾಗಿ ಬೆಳೆದವು. ಬಾಲದ ಮೇಲಿನ ನೋಂದಣಿ ಸಂಖ್ಯೆ ಬರೆದುಕೊಳ್ಳುವುದು, ಪಾರದರ್ಶಿ ಸ್ಲೈಡುಗಳನ್ನು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ವಿನಿಮಯ ಮಾಡಿಕೊಳ್ಳುವುದು ರೂಢಿಯಾಯಿತು. ರಂಗನತಿಟ್ಟಿನ ಕೊಕ್ಕರೆಗಳಿಗಾಗಿ ಕಾಯುವ ಪಕ್ಷಿಪ್ರೇಮಿಗೂ ಇವರಿಗೂ ಸ್ವಭಾವದಲ್ಲಿ ಅಷ್ಟೇನೂ ಅಂತರವಿಲ್ಲ.

ಕರ್ನಾಟಕಕ್ಕೆ ಈ ಹವ್ಯಾಸ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಿಂದಾಗಿ ಹೊಸ ವಿಮಾನಗಳು ಮೊದಲು ಮೇಲೇರಿದ್ದು ಈ ನಾಡಿನ ಆಕಾಶಕ್ಕೆ. 1951ರಲ್ಲಿ ಎಚ್‌ಟಿ-2, 1961ರಲ್ಲಿ ಮರುತ್, 2001ರ ಜನವರಿ 4ರಂದು ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧವಿಮಾನ. 1996ರಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ಆರಂಭವಾದ ಮೇಲಂತೂ ಎರಡು ವರ್ಷಕ್ಕೊಮ್ಮೆ ಬೆಂಗಳೂರು ಈ ಹವ್ಯಾಸಿಗಳ ಜಾತ್ರೆಯಾಗುತ್ತದೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35, ರಷ್ಯದ ಸು-57 ಎರಡೂ ಒಂದೇ ಕಡೆ ಕಂಡವು. ಟಿಕೆಟ್ ಸಿಗದವರು ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ, ಯಲಹಂಕದ ತಾರಸಿಗಳ ಮೇಲೆ ನಿಲ್ಲುತ್ತಾರೆ. ಹದ್ದುಗಳು ವಿಮಾನಕ್ಕೆ ಬಡಿಯದಿರಲೆಂದು ಸುತ್ತಮುತ್ತ ಮಾಂಸ ಮಾರಾಟವನ್ನೇ ಆ ದಿನಗಳಲ್ಲಿ ನಿಲ್ಲಿಸಲಾಗುತ್ತದೆ.

ಎಲ್ಲ ಚಿತ್ರಗಳೂ ಸಂಭ್ರಮದವಲ್ಲ. 2019ರ ಫೆಬ್ರವರಿ 19ರಂದು, ಪ್ರದರ್ಶನದ ಹಿಂದಿನ ದಿನದ ತಾಲೀಮಿನಲ್ಲಿ ಸೂರ್ಯಕಿರಣದ ಎರಡು ವಿಮಾನಗಳು ಯಲಹಂಕದ ಮೇಲೆ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮೃತಪಟ್ಟರು. ನೋಡುವವರಿಗೆ ಆಟದಂತೆ ಕಾಣುವ ಹಾರಾಟದಲ್ಲಿ ಪೈಲಟ್ ಪಣಕ್ಕಿಡುವುದು ಪ್ರಾಣವನ್ನು ಎಂಬುದನ್ನು ಆ ದಿನ ಎಲ್ಲರಿಗೂ ನೆನಪಿಸಿತು.

ಈ ಹವ್ಯಾಸದ ಬೆನ್ನಿಗೆ ಸಂಶಯವೂ ಅಂಟಿಕೊಂಡಿದೆ. ವಾಯುನೆಲೆಯತ್ತ ಉದ್ದನೆಯ ಲೆನ್ಸ್ ತಿರುಗಿಸಿದವನು ಗೂಢಚಾರನೋ ಹವ್ಯಾಸಿಯೋ ಎಂದು ಪೊಲೀಸರು ತಿಳಿಯುವುದು ಹೇಗೆ? 2001ರ ನವೆಂಬರಿನಲ್ಲಿ ಗ್ರೀಸಿನ ಕಾಲಮಾತಾದಲ್ಲಿ 12 ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಲಾಯಿತು. ಮರುವರ್ಷ ಏಪ್ರಿಲಿನಲ್ಲಿ ಎಂಟು ಮಂದಿಗೆ ಮೂರು ವರ್ಷದ ಸೆರೆವಾಸ ವಿಧಿಸಿದ ತೀರ್ಪು ಬಂತು. ನವೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯ ಎಲ್ಲರನ್ನೂ ಬಿಡುಗಡೆ ಮಾಡಿತು. ವಿಮಾನದ ಸಂಖ್ಯೆ ಬರೆದುಕೊಳ್ಳುವುದರಲ್ಲಿ ಏನು ಸುಖ ಎಂಬುದನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಲು ಅವರಿಗೆ ಒಂದು ವರ್ಷವೇ ಹಿಡಿಯಿತು. 2010ರಲ್ಲಿ ದೆಹಲಿಯ ವಿಮಾನ ನಿಲ್ದಾಣದ ಬಳಿ ಬಂಧಿತರಾದ ಇಬ್ಬರು ಬ್ರಿಟಿಷ್ ಹವ್ಯಾಸಿಗಳು ಕೊನೆಗೆ ದಂಡ ತೆತ್ತು ಊರಿಗೆ ಮರಳಿದರು.

ಭಾರತದಲ್ಲಿ 1937ರ ವಿಮಾನ ನಿಯಮಾವಳಿಯ 13ನೇ ನಿಯಮವು ಅನುಮತಿಯಿಲ್ಲದೆ ನಿಲ್ದಾಣದಲ್ಲಾಗಲಿ ಹಾರುವ ವಿಮಾನದಿಂದಾಗಲಿ ಚಿತ್ರ ತೆಗೆಯುವುದನ್ನು ನಿರ್ಬಂಧಿಸಿತು. ಪ್ರಯಾಣಿಕರು ವಿಮಾನದೊಳಗೆ ಸಾಮಾನ್ಯ ಚಿತ್ರ ತೆಗೆದುಕೊಳ್ಳಬಹುದು, ಸುರಕ್ಷತೆಗೆ ಅಡ್ಡಿಯಾಗಬಾರದು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2020ರಲ್ಲಿ ಸ್ಪಷ್ಟನೆ ನೀಡಿತು. ಸೇನಾ ನೆಲೆಗಳ ವಿಚಾರ ಬೇರೆ. ಅಲ್ಲಿನ ಎಚ್ಚರಿಕೆಗೆ ಕಾರಣವಿದೆ, ಅದನ್ನು ಯಾವ ಹವ್ಯಾಸಿಯೂ ಹಗುರವಾಗಿ ಕಾಣುವಂತಿಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. 2000ದ ಜುಲೈ 25ರಂದು ಪ್ಯಾರಿಸಿನಲ್ಲಿ ಕಾನ್‌ಕಾರ್ಡ್ ಬೆಂಕಿ ಹೊತ್ತಿಕೊಂಡೇ ಮೇಲೇರಿದ ಭೀಕರ ಕ್ಷಣವನ್ನು ಹಿಡಿದವನು ವಿಮಾನ ನೋಡಲೆಂದು ಬಂದಿದ್ದ ಹಂಗೆರಿಯ ತರುಣ. 2001ರ ನಂತರದ ವರ್ಷಗಳಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಂದಿಗಳನ್ನು ಗುಟ್ಟಾಗಿ ದೇಶದಿಂದ ದೇಶಕ್ಕೆ ಸಾಗಿಸುತ್ತಿತ್ತು. ಯಾವ ವಿಮಾನ ಎಂದು ಎಲ್ಲಿ ಇಳಿದಿತ್ತೆಂದು ಪತ್ರಕರ್ತರು ಪತ್ತೆಹಚ್ಚಲು ನೆರವಾದದ್ದು ಸ್ಪೇನಿನ ಮಾಯೋರ್ಕಾ ಮೊದಲಾದೆಡೆ ಹವ್ಯಾಸಿಗಳು ತೆಗೆದ ಚಿತ್ರಗಳು. ಬಾಲದ ಸಂಖ್ಯೆ ಸ್ಪಷ್ಟವಾಗಿರಲಿ ಎಂಬ ಅವರ ಮೊಂಡು ಹಟವೇ ಸಾಕ್ಷ್ಯವಾಯಿತು.

ಇತಿಹಾಸಕ್ಕೂ ಈ ಮೊಂಡು ಹಟ ಬೇಕು. ಮರುತ್ ವಿಮಾನಗಳು ತಯಾರಾದದ್ದು 147 ಮಾತ್ರ. 1990ರ ಹೊತ್ತಿಗೆ ಸೇವೆಯಿಂದ ಹಿಂದೆ ಸರಿದವು. ಉಳಿದ ಬೆರಳೆಣಿಕೆಯಷ್ಟನ್ನು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಂಥ ಕಡೆ ನೋಡಬಹುದು. ಆದರೆ ನಿಂತ ವಿಮಾನ ಹಾರುವ ವಿಮಾನದ ಕಥೆ ಹೇಳದು. ಸಂಸ್ಥೆಗಳ ಅಧಿಕೃತ ಚಿತ್ರಗಳಲ್ಲಿ ಸಮಾರಂಭಗಳು ಉಳಿಯುತ್ತವೆ. ರೆಕ್ಕೆಯ ಕೆಳಗೆ ಊಟದ ಡಬ್ಬಿ ಬಿಚ್ಚಿದ ಮೆಕ್ಯಾನಿಕ್, ಮಳೆಯಲ್ಲಿ ಇಳಿದ ತರಬೇತಿ ವಿಮಾನ, ಬೇಲಿಯಾಚೆ ನಿಂತು ಕೈಬೀಸಿದ ಹುಡುಗರು ಹವ್ಯಾಸಿಯ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತಾರೆ. 2008ರ ಮೇನಲ್ಲಿ ದೇವನಹಳ್ಳಿಗೆ ನಾಗರಿಕ ವಿಮಾನಗಳು ಸ್ಥಳಾಂತರವಾದಾಗ ಎಚ್‌ಎಎಲ್ ನಿಲ್ದಾಣದ ದಶಕಗಳ ದಿನಚರಿಯೊಂದು ಮುಗಿಯಿತು. ಅದನ್ನು ಇನ್ನು ನೋಡಬೇಕಾದದ್ದು ಚಿತ್ರಗಳಲ್ಲೇ.

ಪರಿಹಾರ ಕಷ್ಟವೇನಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಿಲ್ದಾಣ ರನ್‌ವೇ ಪಕ್ಕದಲ್ಲೇ ವೀಕ್ಷಕರಿಗಾಗಿ ಉದ್ಯಾನ ನಿರ್ಮಿಸಿದೆ. ಮಕ್ಕಳೊಂದಿಗೆ ಬರುವ ಕುಟುಂಬಗಳಿಗೂ ಕ್ಯಾಮೆರಾ ಹೊತ್ತವರಿಗೂ ಅಲ್ಲಿ ಜಾಗವಿದೆ; ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಕಾವಲಿನವರಿಗೂ ಗೊತ್ತು. ಜಕ್ಕೂರಿನಲ್ಲಾಗಲಿ, 2010ರಲ್ಲಿ ಪ್ರಯಾಣಿಕ ವಿಮಾನಗಳಿಗೆ ತೆರೆದುಕೊಂಡ ಮೈಸೂರಿನ ಮಂಡಕಳ್ಳಿಯಲ್ಲಾಗಲಿ ಇಂಥ ಒಂದು ದಿಬ್ಬ, ನಾಲ್ಕು ಬೆಂಚು, ನಿಯಮ ಬರೆದ ಒಂದು ಫಲಕ ಇದ್ದರೆ ಸಾಕು. ಕದ್ದು ನೋಡುವವರನ್ನು ಅನುಮಾನಿಸಬೇಕಾಗುತ್ತದೆ. ಕರೆದು ಕೂರಿಸಿದವರು ತಾವೇ ಕಾವಲಿಗೆ ಕಣ್ಣಾಗುತ್ತಾರೆ.