ಸಾಮುಕೋ ಭಾಷೆಗಳು ಮತ್ತು ಧರ್ಮಬೋಧನೆ

ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಪರಾಗ್ವೆ ದೇಶಗಳ ಗಡಿಯಲ್ಲಿ ಹಬ್ಬಿರುವ ಚಾಕೊ ಎಂಬ ಕುರುಚಲು ಕಾಡಿನ ಬಯಲಿನಲ್ಲಿ ಸಾಮುಕೋ ಎಂಬ ಪುಟ್ಟ ಭಾಷಾಕುಟುಂಬವೊಂದಿದೆ. ಅದರಲ್ಲಿ ಇಂದು ಉಳಿದಿರುವುದು ಎರಡೇ ಭಾಷೆಗಳು: ಕೆಲವೇ ಸಾವಿರ ಜನರಾಡುವ ಆಯೊರೆಯೊ, ಅದಕ್ಕಿಂತಲೂ ಕಡಿಮೆ ಜನರಾಡುವ ಚಮಕೋಕೋ. ಹಳೆಯ ಸಾಮುಕೋ ಅಳಿದುಹೋಗಿದೆ. ಅದನ್ನು ನಾವು ಬಲ್ಲುದು ಮುಖ್ಯವಾಗಿ ಯೇಸುಸಭೆಯ ವಂದನೀಯ ಇಗ್ನಾಸ್ ಶೋಮೆಯವರ ವ್ಯಾಕರಣ ಮತ್ತು ನಿಘಂಟುಗಳ ಮೂಲಕ. 1696ರಲ್ಲಿ ಜನಿಸಿದ ಅವರು ಮೊದಲು ಗ್ವಾರಾನಿಯನ್ನು ಕಲಿತು, ಬಳಿಕ ಸಾಮುಕೋ ಜನರ ನಡುವೆ ಸೇವೆ ಸಲ್ಲಿಸಿದರು.

ಈ ಭಾಷೆಗಳ ನಾಮಪದ ವ್ಯವಸ್ಥೆ ದೈವಶಾಸ್ತ್ರದ ವಿದ್ಯಾರ್ಥಿಗೆ ವಿಶೇಷ ಪಾಠವಾಗಬಲ್ಲುದು. ನಾಮಪದಕ್ಕೆ ಮೂರು ರೂಪಗಳುಂಟು. 'ಇವನು ಬೇಟೆಗಾರ' ಎಂಬಂಥ ವಾಕ್ಯದಲ್ಲಿ ವಿಧೇಯವಾಗಿ ನಿಲ್ಲುವಾಗ ಒಂದು. ನಿರ್ದಿಷ್ಟ ವ್ಯಕ್ತಿಯನ್ನೋ ವಸ್ತುವನ್ನೋ ಸೂಚಿಸುವಾಗ ಇನ್ನೊಂದು. 'ಯಾರೋ ಒಬ್ಬ' ಎಂಬ ಅನಿರ್ದಿಷ್ಟ ಅರ್ಥಕ್ಕೆ ಮತ್ತೊಂದು. ಯೋಹಾನನ ಶುಭಸಂದೇಶದ ಮೊದಲ ವಚನವನ್ನು ನೆನೆಯೋಣ. ಅಲ್ಲಿ ದೇವರೆಂಬ ಪದವು ಗ್ರೀಕಿನಲ್ಲಿ ಒಮ್ಮೆ ಉಪಪದದೊಡನೆ, ಒಮ್ಮೆ ಉಪಪದವಿಲ್ಲದೆ ಬರುತ್ತದೆ. ಕನ್ನಡದಲ್ಲಿ ಈ ಭೇದವು ಕಾಣದೆ ಹೋಗುತ್ತದೆ; ನಾವೂ ತರಗತಿಯಲ್ಲಿ ಅದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬೇಕಾಗುತ್ತದೆ. ಸಾಮುಕೋ ಕುಟುಂಬದ ಭಾಷೆಗೆ ಅನುವಾದಿಸುವವನಿಗಾದರೋ ವ್ಯಾಕರಣವೇ ಆ ಪ್ರಶ್ನೆಯನ್ನು ಮುಂದಿಡುತ್ತದೆ.

ಶೋಮೆಯವರನ್ನು ಕೊಂಡಾಡುವಾಗ ನಾವು ಸಾಮಾನ್ಯವಾಗಿ ಮರೆಯುವ ಮಾತೊಂದಿದೆ. ಸಾಮುಕೋ ಜನರ ಧರ್ಮಕೇಂದ್ರವು ಹೆಚ್ಚು ಕಾಲ ಬಾಳಲಿಲ್ಲ. ಅಲ್ಲಿಂದ ಚಿಕಿಟೋಸ್ ಪ್ರಾಂತದ ಧರ್ಮಕೇಂದ್ರಗಳಿಗೆ ಬಂದು ನೆಲೆಸಿದವರು ಅಲ್ಲಿನ ಸಾಮಾನ್ಯ ಭಾಷೆಯಾದ ಚಿಕಿಟಾನೊವನ್ನು ಕ್ರಮೇಣ ತಮ್ಮದಾಗಿಸಿಕೊಂಡರು. ಹಲವು ಬುಡಕಟ್ಟುಗಳನ್ನು ಒಂದೆಡೆ ಕೂಡಿಸಿದಾಗ ಜಪಕ್ಕೂ ಉಪದೇಶಕ್ಕೂ ಒಂದೇ ಭಾಷೆಯಿದ್ದರೆ ಗುರುಗಳಿಗೆ ಅನುಕೂಲ. ಆ ಅನುಕೂಲಕ್ಕೆ ಬೆಲೆ ತೆತ್ತದ್ದು ಸಣ್ಣ ಭಾಷೆ. ಭಾಷೆಯನ್ನು ಬರೆದಿಟ್ಟದ್ದೂ ಮಿಷನ್ನೇ, ಅದನ್ನಾಡುವ ನೆರೆಹೊರೆಯನ್ನು ಕದಲಿಸಿದ್ದೂ ಮಿಷನ್ನೇ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಪ್ರಾಮಾಣಿಕ ಸಭಾಚರಿತ್ರೆಯಾಗಲಾರದು.

1767ರಲ್ಲಿ ಯೇಸುಸಭೆಯವರನ್ನು ಸ್ಪೇನಿನ ಪ್ರದೇಶಗಳಿಂದ ಹೊರಗಟ್ಟಲಾಯಿತು. ವೃದ್ಧ ಶೋಮೆಯವರು ಮರುವರ್ಷ ಗಡೀಪಾರಿನ ಹಾದಿಯಲ್ಲೇ ತೀರಿಕೊಂಡರು. ಅವರ ವ್ಯಾಕರಣವು ಅಚ್ಚಾದದ್ದು 1958ರಲ್ಲಿ. ಅಷ್ಟರಲ್ಲಿ ಅದನ್ನು ಓದಿ ತಪ್ಪು ತಿದ್ದಬಲ್ಲ ಸಾಮುಕೋ ಭಾಷಿಕರು ಯಾರೂ ಉಳಿದಿರಲಿಲ್ಲ. ಆದರೆ ಆಯೊರೆಯೊ ಜನರು ಇಂದಿಗೂ ದೇವರನ್ನು 'ದುಪಾದೆ' ಎನ್ನುತ್ತಾರೆ. ಗ್ವಾರಾನಿ ಜನರ 'ತುಪಾ' ಎಂಬ ದೈವನಾಮವನ್ನು ಯೇಸುಸಭೆಯವರು ಸೃಷ್ಟಿಕರ್ತನಿಗೆ ಅನ್ವಯಿಸಿದ್ದರು. ಅದೇ ಪದ ಚಾಕೊ ಕಾಡನ್ನು ಹೊಕ್ಕು, ಅವರು ಹೋದ ಮೇಲೂ ಅಲ್ಲಿ ಉಳಿಯಿತು.