ಹನ್ನೆರಡೇ ಚಿತ್ರಗಳ ಡಬ್ಬಿ

"ಅಜ್ಜಾ, ಇದನ್ನು ಯಾವ ಆ್ಯಪ್‌ನಲ್ಲಿ ಮಾಡಿದ್ದು?"

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದ ಮೊಮ್ಮಗಳು ಅಟ್ಟದ ಮೇಲಿನ ಟ್ರಂಕು ಕೆದಕಿ, ಒಂದು ಕಪ್ಪು-ಬಿಳುಪು ಫೋಟೊ ಹಿಡಿದುಕೊಂಡು ಬಂದು ಕೇಳಿದ ಪ್ರಶ್ನೆ ಇದು. ಅಂಗೈಗಿಂತ ಚಿಕ್ಕದಾದ ಚೌಕದ ಫೋಟೊ. ಅದರಲ್ಲಿ ನನ್ನ ಅಪ್ಪಯ್ಯ ಜಗಲಿಯ ಮೇಲೆ ಕುಳಿತಿದ್ದಾರೆ. ಅವರ ಎದೆಯ ಮೂಲಕ ಒಂದು ಹಲಸಿನ ಮರ ಎದ್ದು ನಿಂತಿದೆ. ಹೆಗಲ ಹತ್ತಿರ ಎರಡು ಹಲಸಿನಕಾಯಿ ನೇತಾಡುತ್ತಿವೆ!

"ಆ್ಯಪ್ ಅಲ್ಲ ಪುಟ್ಟಿ, ತಪ್ಪು" ಎಂದೆ. "ನಾನು ಮಾಡಿದ ತಪ್ಪು."

ಅದು 1976. ನಾನು ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದೆ. ಸೋದರಮಾವ ತಾವು ಬಳಸುತ್ತಿದ್ದ ಅಗ್ಫಾ ಕ್ಲಿಕ್-3 ಕ್ಯಾಮೆರಾವನ್ನು ನನಗೆ ಕೊಟ್ಟಿದ್ದರು. ತೀರ್ಥಹಳ್ಳಿ ಸಮೀಪದ ನಮ್ಮ ಹಳ್ಳಿಗೆ ಬಂದ ಮೊದಲ ಕ್ಯಾಮೆರಾ ಅದು. ಒಂದು ರೋಲ್ ಹಾಕಿದರೆ ಹನ್ನೆರಡೇ ಚಿತ್ರ. ಆ ಒಂದು ರೋಲ್ ಯುಗಾದಿಯಿಂದ ದೀಪಾವಳಿಯವರೆಗೆ ಬರಬೇಕು. ಮುಗಿದ ಮೇಲೆ ಪೇಟೆಯ ಸ್ಟುಡಿಯೊಗೆ ಕೊಟ್ಟು, ಮತ್ತೆ ಹದಿನೈದು ದಿನ ಕಾಯಬೇಕು.

ಅಪ್ಪಯ್ಯನಿಗೆ ಫೋಟೊ ಎಂದರೆ ಸಂಕೋಚ. ಆ ದಿನ ಅದು ಹೇಗೋ ಒಪ್ಪಿ, ಹೆಗಲ ಮೇಲೆ ಮಡಿಸಿದ ಪಂಚೆ ಹಾಕಿಕೊಂಡು ಜಗಲಿಯಲ್ಲಿ ಕುಳಿತರು. ಕ್ಲಿಕ್ ಮಾಡಿದೆ. ಆ ಸಂಭ್ರಮದಲ್ಲಿ ಫಿಲ್ಮ್ ಮುಂದಕ್ಕೆ ಸುತ್ತುವುದನ್ನೇ ಮರೆತೆ. ಸಂಜೆ ಅಂಗಳದಾಚೆಯ ಹಲಸಿನ ಮರದ ಫೋಟೊ ತೆಗೆದೆ. ಎರಡೂ ಒಂದೇ ಜಾಗದಲ್ಲಿ ಬಿದ್ದವು.

ಫೋಟೊ ಕೈಗೆ ಬಂದಾಗ ನನಗೆ ಅಳುವೇ ಬಂತು. ಸ್ಟುಡಿಯೊದವರು "ಒಂದರ ದುಡ್ಡಿಗೆ ಎರಡು ಬಂತಲ್ಲ ಮಾರಾಯ" ಎಂದು ನಕ್ಕರು. ಅಪ್ಪಯ್ಯ ಮಾತ್ರ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಮರ ಚೆನ್ನಾಗಿ ಬಂದಿದೆ" ಎಂದರು. ಅಷ್ಟೇ.

ಇನ್ನೊಂದು ರೋಲ್‌ಗೆ ದುಡ್ಡು ಕೂಡಿಸಿ ಅವರ ಫೋಟೊ ಮತ್ತೆ ತೆಗೆಯಬೇಕೆಂದುಕೊಂಡೆ. ಆದರೆ ಮುಂದಿನ ಮಳೆಗಾಲ ಅಪ್ಪಯ್ಯ ದಾಟಲಿಲ್ಲ. ಅವರೊಬ್ಬರೇ ಇರುವ ಫೋಟೊ ಎಂದರೆ ಅದೊಂದೇ ಉಳಿಯಿತು. ಗೋಡೆಗೆ ಹಾಕಲು ಮನಸ್ಸಾಗದೆ ಟ್ರಂಕಿನ ತಳಕ್ಕೆ ಸೇರಿಸಿದೆ. ಮದುವೆಯೊಂದರ ಗುಂಪು ಚಿತ್ರದಲ್ಲಿದ್ದ ಹೆಬ್ಬೆರಳಿನಷ್ಟು ಮುಖವನ್ನು ದೊಡ್ಡದು ಮಾಡಿಸಿ, ಅದಕ್ಕೆ ಕಟ್ಟು ಹಾಕಿಸಿದೆವು. ಅದರಲ್ಲಿ ಅಪ್ಪಯ್ಯ ಮಂಜಿನೊಳಗೆ ನಿಂತ ಹಾಗೆ ಕಾಣುತ್ತಾರೆ.

ಪುಟ್ಟಿ ಎಲ್ಲ ಕೇಳಿಸಿಕೊಂಡು, "ಆ ಕ್ಯಾಮೆರಾ ಎಲ್ಲಿ?" ಎಂದಳು.

ಡಬ್ಬಿಯೊಳಗೆ ಏನಿದೆ?

ಕ್ಯಾಮೆರಾ ಅದೇ ಟ್ರಂಕಿನಲ್ಲಿತ್ತು. ಬರೋಡಾದಲ್ಲಿ ತಯಾರಾಗಿ ದೇಶದ ಎಷ್ಟೋ ಮನೆಗಳನ್ನು ಸೇರಿದ್ದ ಕ್ಯಾಮೆರಾ ಅದು. ಇದನ್ನು ಓದುತ್ತಿರುವ ಅಜ್ಜ-ಅಜ್ಜಿಯರಲ್ಲಿ ಕೆಲವರಾದರೂ ಅದರ ಮುಂದೆ ಉಸಿರು ಬಿಗಿಹಿಡಿದು ನಿಂತಿರುತ್ತೀರಿ.

ಅದಕ್ಕೆ ಬ್ಯಾಟರಿ ಬೇಡ, ಚಾರ್ಜ್ ಬೇಡ. ಮುಂದೆ ಒಂದು ಲೆನ್ಸು, ಅದರ ಹಿಂದೆ ಕಣ್ಣು ಮಿಟುಕಿಸಿದಂತೆ ತೆರೆದು ಮುಚ್ಚುವ ಷಟರ್, ಅದರ ಹಿಂದೆ ಕತ್ತಲೆ ಕೋಣೆ, ಕೊನೆಯಲ್ಲಿ ಫಿಲ್ಮ್. ಬಿಸಿಲಿಗೆ ಸೂರ್ಯನ ಚಿತ್ರ, ಮೋಡಕ್ಕೆ ಮೋಡದ ಚಿತ್ರ ಇರುವ ಕಡೆ ಕಡ್ಡಿ ಸರಿಸಿದರೆ ಮುಗಿಯಿತು. ಫೋಕಸ್ ತಿರುಗಿಸುವ ಗೋಜಿಲ್ಲ. ನಾಲ್ಕೈದು ಹೆಜ್ಜೆ ದೂರ ನಿಂತರೆ ಸರಿ.

ಕ್ಯಾಮೆರಾದ ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಕಿಟಕಿ ಇದೆ. ಫಿಲ್ಮಿನ ಹಿಂದೆ ಅಂಟಿಕೊಂಡು ಬರುವ ಕಾಗದದ ಮೇಲೆ 1, 2, 3 ಎಂದು ಅಚ್ಚಾಗಿರುತ್ತದೆ. ಗುಂಡಿ ತಿರುಗಿಸುತ್ತ ಆ ಕಿಟಕಿಯಲ್ಲಿ ಮುಂದಿನ ಅಂಕಿ ಬರುವವರೆಗೆ ಸುತ್ತಬೇಕು. ಕಿಟಕಿ ಕೆಂಪೇ ಏಕೆ? ಹಳೆಯ ಕಾಲದ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ಅದಕ್ಕೆ.

ಸುತ್ತುವ ಗುಂಡಿಗೂ ಕ್ಲಿಕ್ ಮಾಡುವ ಗುಂಡಿಗೂ ಈ ಕ್ಯಾಮೆರಾದಲ್ಲಿ ಸಂಬಂಧವಿಲ್ಲ. ಸುತ್ತದೆಯೇ ಹತ್ತು ಸಲ ಕ್ಲಿಕ್ ಮಾಡಿದರೂ ಅದು ಸುಮ್ಮನಿರುತ್ತದೆ. ಬೆಳಕಿನ ಮೇಲೆ ಬೆಳಕು ಬೀಳುತ್ತದೆ. ಮೊದಲ ಚಿತ್ರದಲ್ಲಿ ಎಲ್ಲಿ ನೆರಳಿತ್ತೋ ಅಲ್ಲಿ ಎರಡನೆಯ ಚಿತ್ರ ಎದ್ದು ಕಾಣುತ್ತದೆ. ಅಪ್ಪಯ್ಯನ ಹಿಂದಿನ ಜಗಲಿಯ ಕತ್ತಲಲ್ಲಿ ಹಲಸಿನ ಮರ ಬೆಳೆದದ್ದು ಹಾಗೆ.

ಇಂಥ ಡಬ್ಬಿ ಕ್ಯಾಮೆರಾಗಳ ವಂಶದ ಹಿರಿಯಜ್ಜಿ ಯಾರು ಗೊತ್ತೆ? 1900ರಲ್ಲಿ ಅಮೆರಿಕದಲ್ಲಿ ಜಾರ್ಜ್ ಈಸ್ಟ್‌ಮನ್ ಅವರ ಕೊಡಾಕ್ ಕಂಪನಿ ಹೊರತಂದ ಬ್ರೌನಿ. ಬೆಲೆ ಒಂದೇ ಡಾಲರ್. ಅದನ್ನು ಮಾಡಿದ್ದೇ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು! ಮರುವರ್ಷ, 1901ರಲ್ಲಿ, ಇನ್ನೊಂದು ಬ್ರೌನಿಗಾಗಿ '120' ಎಂಬ ಫಿಲ್ಮ್ ಬಂತು. ನನ್ನ ಕ್ಲಿಕ್-3ಕ್ಕೂ ಅದೇ ಫಿಲ್ಮ್. ನೂರಿಪ್ಪತ್ತು ವರ್ಷ ಕಳೆದರೂ ಅದು ಇನ್ನೂ ತಯಾರಾಗುತ್ತಿದೆ.

ನಮ್ಮ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ಸಿಗುತ್ತಿತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಸರ್ಕಾರಿ ಕಾರ್ಖಾನೆ ಅದು. ಈಗ ಮುಚ್ಚಿದೆ. ಇಂದು ಸಿಗುವುದು ಹೊರದೇಶದ ಫಿಲ್ಮ್. ಒಂದು ರೋಲ್‌ಗೆ ಹಲವು ನೂರು ರೂಪಾಯಿ.

ಮಲೆನಾಡಿನ ಬೂಷ್ಟು

ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದೆವು. ಜೇಡರ ಬಲೆಯಂಥ ಬಿಳಿ ಎಳೆಗಳು. ಅದು ಬೂಷ್ಟು. ನಮ್ಮ ಮಳೆಗಾಲದಲ್ಲಿ ಉಪ್ಪಿನಕಾಯಿ, ಚಪ್ಪಲಿ, ಪುಸ್ತಕ ಯಾವುದನ್ನೂ ಬಿಡದ ಬೂಷ್ಟು ಲೆನ್ಸನ್ನು ಬಿಟ್ಟೀತೆ? ಹಾಗೇ ಬಿಟ್ಟರೆ ಅದು ಗಾಜನ್ನೇ ಕೊರೆಯುತ್ತದೆ. ನಮ್ಮ ಅದೃಷ್ಟ, ಇನ್ನೂ ಅಷ್ಟು ಕೆಟ್ಟಿರಲಿಲ್ಲ. ಮೆತ್ತನೆಯ ಬಟ್ಟೆಗೆ ಲೆನ್ಸ್ ಒರೆಸುವ ದ್ರವ ತಾಗಿಸಿ ನಿಧಾನವಾಗಿ ಒರೆಸಿದಾಗ ಬಹುಪಾಲು ಹೋಯಿತು.

ಮನೆಯಲ್ಲಿ ಹಳೆಯ ಕ್ಯಾಮೆರಾ ಇದ್ದವರು ಎರಡು ಮಾತು ನೆನಪಿಡಿ. ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಮತ್ತು ಆಗಾಗ ಹೊರತೆಗೆದು ಕ್ಲಿಕ್ ಮಾಡುತ್ತಿರಿ. ಕೀಲುನೋವಿನ ಅಜ್ಜನಂತೆ ಕ್ಯಾಮೆರಾಕ್ಕೂ ನಡೆದಾಡಿದರೇ ಆರೋಗ್ಯ.

ಪಟ್ಟಿಯ ಪುಸ್ತಕ

ಬೆಂಗಳೂರಿನಿಂದ ಮಗ ಒಂದು ರೋಲ್ ತರಿಸಿಕೊಟ್ಟ. ನೆರಳಿನಲ್ಲಿ ಕುಳಿತು ಹಾಕಿದೆವು. ಪುಟ್ಟಿಯ ಫೋನಿನಲ್ಲಿ ಆಗಲೇ ನಾಲ್ಕು ಸಾವಿರ ಫೋಟೊ ಇದ್ದವು. "ಇದರಲ್ಲಿ ಹನ್ನೆರಡೇ. ಅಳಿಸಿ ಮತ್ತೆ ತೆಗೆಯುವ ಹಾಗಿಲ್ಲ" ಎಂದೆ.

ಅರ್ಧ ಗಂಟೆಯಲ್ಲಿ ಮುಗಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ನೋಟ್‌ಬುಕ್ ತೆಗೆದು ಪಟ್ಟಿ ಮಾಡತೊಡಗಿದಳು. ಅಜ್ಜಿಯ ಕೈ. ಕೊಟ್ಟಿಗೆ. ನಾಯಿ. ಅಡಿಕೆ ತೋಟದಲ್ಲಿ ಬೀಳುವ ಬಿಸಿಲು. ಬರೆದದ್ದನ್ನು ಹೊಡೆದು ಹಾಕುವಳು, ಮತ್ತೆ ಬರೆಯುವಳು. ತೋಟದ ಬಿಸಿಲಿಗಾಗಿ ಮೂರು ದಿನ ಬೆಳಿಗ್ಗೆ ಎದ್ದು ಹೋಗಿ, ಕ್ಲಿಕ್ ಮಾಡದೆಯೇ ವಾಪಸು ಬಂದಳು. "ಇವತ್ತು ಚೆನ್ನಾಗಿರಲಿಲ್ಲ ಅಜ್ಜಾ." ನಾಲ್ಕನೆಯ ದಿನ ತೆಗೆದಳು.

ಈ ಹವ್ಯಾಸದ ರುಚಿ ಇರುವುದೇ ಅಲ್ಲಿ. ಹನ್ನೆರಡೇ ಇರುವುದರಿಂದ ಕ್ಲಿಕ್ ಮಾಡುವ ಮೊದಲು ನೋಡಬೇಕಾಗುತ್ತದೆ. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಇಂಥವರೆಲ್ಲ ಫಿಲ್ಮ್ ಕಾಲದಲ್ಲಿ ಪಳಗಿದವರು. ಚಿತ್ರ ಸರಿಯಾಗಿ ಬಂತೋ ಇಲ್ಲವೋ ಎಂದು ಆಗಲೇ ನೋಡಿಕೊಳ್ಳುವ ಅನುಕೂಲ ಆಗ ಅವರಿಗಿರಲಿಲ್ಲ.

ಪಟ್ಟಿಯಲ್ಲಿ ಹನ್ನೆರಡನೆಯ ಸಾಲಿನ ಮುಂದೆ 'ಗುಟ್ಟು' ಎಂದು ಬರೆದಿತ್ತು. ಕೊನೆಯ ದಿನ ನನ್ನನ್ನು ಜಗಲಿಯಲ್ಲಿ ಕೂರಿಸಿದಳು. ನನ್ನ ಫೋಟೊ ಮನೆಯಲ್ಲಿ ಕಡಿಮೆ. ತೆಗೆಯುವವನು ನಾನೇ ಆಗಿದ್ದೆನಲ್ಲ. ಕ್ಲಿಕ್ ಆಯಿತು. "ಈಗ ಒಳಗೆ ಹೋಗು, ನೋಡಬೇಡ" ಎಂದು ಅವಳು ಗೇಟಿನ ಕಡೆ ಓಡಿದಳು.

ಕಾಫಿಯಲ್ಲಿ ಮಿಂದ ಫಿಲ್ಮ್

ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಹುಟ್ಟುತ್ತವೆ. ಕಣ್ಣಿಗೆ ಏನೂ ಕಾಣದು. ಹಾಲಿಗೆ ಹೆಪ್ಪು ಬಿದ್ದ ಹಾಗೆ ಅದು. ಡೆವಲಪರ್ ಎಂಬ ದ್ರಾವಣದಲ್ಲಿ ಅದ್ದಿದಾಗ ಆ ಚೂರು ಹೆಪ್ಪಿನಿಂದ ಇಡೀ ಹರಳು ಕಪ್ಪು ಬೆಳ್ಳಿಯಾಗುತ್ತದೆ. ಬೆಳಕು ಬೀಳದ ಹರಳುಗಳನ್ನು ಹೈಪೋ ದ್ರಾವಣ ತೊಳೆದು ತೆಗೆಯುತ್ತದೆ. ಹೈಪೋಗೆ ಬೆಳ್ಳಿಯ ಲವಣ ಕರಗಿಸುವ ಗುಣವಿದೆ ಎಂದು 1819ರಲ್ಲೇ ಕಂಡುಕೊಂಡವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್.

ಈ ಡೆವಲಪರನ್ನು ಕಾಫಿಯಿಂದಲೂ ಮಾಡಬಹುದು! 1995ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಜೊತೆ ಸೇರಿ ಇದನ್ನು ಮಾಡಿ ತೋರಿಸಿದರು. ಇನ್‌ಸ್ಟಂಟ್ ಕಾಫಿ ಪುಡಿಗೆ ವಾಷಿಂಗ್ ಸೋಡಾ ಬೆರೆಸಬೇಕು. ವಿಟಮಿನ್ ಸಿ ಪುಡಿ ಸೇರಿಸಿದರೆ ಕೆಲಸ ಇನ್ನೂ ಚುರುಕು. ವಾಸನೆ ಮಾತ್ರ ಕೇಳಬೇಡಿ. ನಮ್ಮ ಮನೆಯಾಕೆ ಎರಡು ದಿನ ಬಚ್ಚಲಿನ ಕಡೆ ಸುಳಿಯಲಿಲ್ಲ.

ಪೂರ್ತಿ ಕತ್ತಲಲ್ಲಿ ಫಿಲ್ಮನ್ನು ಡೆವಲಪಿಂಗ್ ಟ್ಯಾಂಕಿಗೆ ಸೇರಿಸಿ ಮುಚ್ಚಳ ಹಾಕಿದೆ. ಆಮೇಲೆ ದೀಪ ಹಚ್ಚಬಹುದು. ದ್ರಾವಣ 20 ಡಿಗ್ರಿ ಇರಬೇಕು. ನಮ್ಮ ಮೇ ತಿಂಗಳಿನಲ್ಲಿ ಅದಕ್ಕೆ ಐಸ್ ಬೇಕಾಯಿತು. ಕಾಲು ಗಂಟೆ ಕಾಫಿ, ನಂತರ ನೀರು, ನಂತರ ಹೈಪೋ, ಮತ್ತೆ ನೀರು. ಮಕ್ಕಳೇ, ಈ ಕೆಲಸವನ್ನು ದೊಡ್ಡವರ ಜೊತೆಯಲ್ಲೇ, ಕೈಗವಸು ಹಾಕಿಕೊಂಡು ಮಾಡಿ. ಆ ಪಾತ್ರೆಗಳು ಮತ್ತೆ ಅಡುಗೆಮನೆಗೆ ಹೋಗಬಾರದು.

ಒದ್ದೆ ಫಿಲ್ಮನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ನೇತು ಹಾಕಿದಾಗ ಪುಟ್ಟಿ ಉಸಿರೇ ಬಿಡಲಿಲ್ಲ. "ಅಜ್ಜಾ, ಇದೆ! ಚಿತ್ರ ಇದೆ!"

ನಿಮ್ಮ ಅಟ್ಟದಲ್ಲೂ ಇರಬಹುದು

ನಿಮ್ಮ ಮನೆಯ ಅಟ್ಟದಲ್ಲಿ, ಕಪಾಟಿನ ಮೂಲೆಯಲ್ಲಿ ಇಂಥದ್ದೊಂದು ಮಲಗಿರಬಹುದು. ತಟ್ಟನೆ ಹಿಂಬಾಗಿಲು ತೆರೆಯಬೇಡಿ. ಒಳಗೆ ಹಳೆಯ ಫಿಲ್ಮ್ ಇದ್ದರೆ ಬೆಳಕು ಬಿದ್ದು ಹಾಳಾಗುತ್ತದೆ. ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ, ಬಿಗಿಯಾಗಿದ್ದರೆ ಒಳಗೆ ಫಿಲ್ಮ್ ಇರುವ ಸಾಧ್ಯತೆ ಉಂಟು. ಆಗ ತಿಳಿದವರಿಗೆ ತೋರಿಸಿ.

35 ಮಿ.ಮೀ. ಫಿಲ್ಮ್ ಕ್ಯಾಮೆರಾ ಇದ್ದು ಅದರ ಬೆಳಕಿನ ಮೀಟರ್ ಕೆಟ್ಟಿದ್ದರೂ ಚಿಂತೆಯಿಲ್ಲ. ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16ಕ್ಕೆ ಇಟ್ಟು, ಫಿಲ್ಮಿನ ಮೇಲೆ 100 ಎಂದಿದ್ದರೆ ಷಟರ್ ವೇಗವನ್ನು ಅದಕ್ಕೆ ಹತ್ತಿರದ 125ಕ್ಕೆ ಇಡಿ. ಇದು ಹಳಬರ ಲೆಕ್ಕ, ಇಂದಿಗೂ ತಪ್ಪುವುದಿಲ್ಲ. ಕ್ಯಾಮೆರಾ ಕೆಟ್ಟು ಲೆನ್ಸ್ ಮಾತ್ರ ಚೆನ್ನಾಗಿದ್ದರೆ ಎಸೆಯಬೇಡಿ. ಸೋವಿಯತ್ ಕಾಲದ ಹೀಲಿಯೋಸ್‌ನಂಥ ತಿರುಪಿನ ಲೆನ್ಸುಗಳನ್ನು ಒಂದು ಅಡಾಪ್ಟರ್ ಬಳೆಯ ಮೂಲಕ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಜೋಡಿಸಬಹುದು. ಫೋಕಸ್ ಮಾತ್ರ ನೀವೇ ತಿರುಗಿಸಬೇಕು.

ನೆಗೆಟಿವ್ ನೋಡಲು ಸ್ಟುಡಿಯೊ ಇಲ್ಲದಿದ್ದರೂ ಸರಿ. ನಾವು ಟ್ಯಾಬ್‌ನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು, ಫೋನಿನಲ್ಲಿ ಫೋಟೊ ತೆಗೆದು, ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿ ನೋಡಿದೆವು. ಅಲ್ಲಿಗೆ ಪುಟ್ಟಿಯ ಫೋನಿಗೂ ಒಂದು ಕೆಲಸ ಸಿಕ್ಕಿತು.

ಒಂದೊಂದೇ ಚಿತ್ರ ತೆರೆಯುತ್ತ ಹೋಯಿತು. ನಾಯಿಯ ಮೂಗಿನ ಹತ್ತಿರವೇ ಹೋಗಿದ್ದರಿಂದ ಅದು ಮಸುಕು. ಕೊಟ್ಟಿಗೆ ಅಲುಗಿದೆ. ಇನ್ನೊಂದರಲ್ಲಿ ಅವಳ ಬೆರಳು. ಉಳಿದ ಎಂಟು ಚೆನ್ನಾಗಿವೆ. ಅಜ್ಜಿಯ ಕೈಯ ಗೆರೆಗಳು ಎಣಿಸುವ ಹಾಗಿವೆ. ನಾಲ್ಕನೆಯ ದಿನದ ತೋಟದ ಬಿಸಿಲು ಕೋಲುಕೋಲಾಗಿ ಇಳಿದಿದೆ.

ಕೊನೆಗೆ ಹನ್ನೆರಡನೆಯದು. ಜಗಲಿಯಲ್ಲಿ ನಾನು ಕುಳಿತಿದ್ದೇನೆ, ಅಪ್ಪಯ್ಯ ಕುಳಿತಿದ್ದ ಜಾಗದಲ್ಲೇ. ನನ್ನ ಎದೆಯ ಮೂಲಕ ಒಂದು ಬಸ್ಸು ಹೊರಟಿದೆ!

ಅವಳು ಬೇಕೆಂದೇ ಫಿಲ್ಮ್ ಸುತ್ತಿರಲಿಲ್ಲ. ಹಲಸಿನ ಮರ ಇದ್ದ ಕಡೆಗೆ ಕ್ಯಾಮೆರಾ ತಿರುಗಿಸಿ ಕ್ಲಿಕ್ ಮಾಡಿದ್ದಳು. ಮರ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದರು. ಅಲ್ಲಿ ಈಗ ಬಸ್ಸು ನಿಲ್ಲುತ್ತದೆ. ಮರ, ಅಪ್ಪಯ್ಯ ಇಬ್ಬರೂ ಉಳಿದಿರುವುದು ನನ್ನ ಆ ಒಂದು ತಪ್ಪಿನಲ್ಲಿ ಮಾತ್ರ ಎಂಬುದು ನನಗೆ ಆ ಹೊತ್ತಿಗೆ ಹೊಳೆಯಿತು.

ಎರಡೂ ಚಿತ್ರಗಳು ಈಗ ಪಡಸಾಲೆಯ ಗೋಡೆಯ ಮೇಲೆ ಅಕ್ಕಪಕ್ಕ ಇವೆ. ಆದರೆ ಆ ದಿನ ಪುಟ್ಟಿ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಕೋಪ ಬಂತಾ ಅಜ್ಜಾ?"

ನಾನು ಫೋನನ್ನು ಬೆಳಕಿನ ಕಡೆ ಹಿಡಿದು ತುಂಬ ಹೊತ್ತು ನೋಡಿದೆ.

"ಬಸ್ಸು ಚೆನ್ನಾಗಿ ಬಂದಿದೆ" ಎಂದೆ.