ದೇಶ ದೇಶಗಳ ಆರೋಗ್ಯವನ್ನು ಹೋಲಿಸುವ ಮುನ್ನ

ನನ್ನ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರಲ್ಲಿ ಕೆಲವರ ಮಕ್ಕಳು ಇಂದು ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ರಜೆಗೆ ಬಂದವರಲ್ಲಿ ಒಬ್ಬರು ಅಲ್ಲಿ ಆಸ್ಪತ್ರೆಯಲ್ಲಿ ಹಣವನ್ನೇ ಕೇಳುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಅಲ್ಲಿಯ ವೆಚ್ಚಕ್ಕೆ ಅಂಜಿ ಹಲ್ಲಿನ ಚಿಕಿತ್ಸೆಯನ್ನು ಊರಿನಲ್ಲಿಯೇ ಮಾಡಿಸಿಕೊಂಡು ಹೋಗುತ್ತಾರೆ. “ಡಾಕ್ಟ್ರೇ, ಯಾವ ದೇಶದ ವ್ಯವಸ್ಥೆ ಒಳ್ಳೆಯದು?” ಎಂಬ ಪ್ರಶ್ನೆಗೆ ಇಷ್ಟು ವರ್ಷಗಳ ವೃತ್ತಿಯ ನಂತರವೂ ನಾನು ಒಂದೇ ಮಾತಿನಲ್ಲಿ ಉತ್ತರಿಸಲಾರೆ.

ಈ ಉತ್ತರವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಮ್ಮೆ ಹೇಳಲು ಹೊರಟಿತ್ತು. 2000ನೇ ಇಸವಿಯ ತನ್ನ ವರದಿಯಲ್ಲಿ 191 ದೇಶಗಳ ಆರೋಗ್ಯ ವ್ಯವಸ್ಥೆಗಳನ್ನು ಅದು ಸಾಲಾಗಿ ನಿಲ್ಲಿಸಿತು. ಫ್ರಾನ್ಸ್ ಮೊದಲನೆಯದು, ಅಮೆರಿಕ 37ನೆಯದು, ಭಾರತ 112ನೆಯದು. ಅನೇಕ ದೇಶಗಳ ಅಂಕಿ ಅಂಶಗಳೇ ಅಪೂರ್ಣವಾಗಿರುವಾಗ ಇಂತಹ ಪಟ್ಟಿಗೆ ಆಧಾರವೇನೆಂದು ವಿದ್ವಾಂಸರು ತೀವ್ರವಾಗಿ ಆಕ್ಷೇಪಿಸಿದರು. ಸಂಸ್ಥೆ ಅಂತಹ ಪಟ್ಟಿಯನ್ನು ಮತ್ತೆ ಪ್ರಕಟಿಸಲಿಲ್ಲ.

ಎಣಿಕೆಯ ತೊಡಕು

ವೈದ್ಯರ ಸಂಖ್ಯೆಯನ್ನೇ ನೋಡೋಣ. ನಮ್ಮ ದೇಶದಲ್ಲಿ 834 ಜನರಿಗೆ ಒಬ್ಬ ವೈದ್ಯರಿದ್ದಾರೆಂದು ಕೇಂದ್ರ ಸರ್ಕಾರ 2022ರಲ್ಲಿ ಸಂಸತ್ತಿಗೆ ತಿಳಿಸಿತು. ಆ ಲೆಕ್ಕದಲ್ಲಿ ಆಯುಷ್ ವೈದ್ಯರೂ ಸೇರಿದ್ದಾರೆ. ಅಂದರೆ ನಾನೂ ಇದ್ದೇನೆ. ಅಲೋಪತಿ ವೈದ್ಯರನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ನಾನಿಲ್ಲ. ಒಂದೇ ದೇಶಕ್ಕೆ ಎರಡು ಸಂಖ್ಯೆಗಳು. ಇನ್ನೊಂದು ದೇಶದೊಡನೆ ಯಾವುದನ್ನು ಹೋಲಿಸಬೇಕು?

ಶಿಶುಮರಣದ ಲೆಕ್ಕ ಇದಕ್ಕಿಂತ ಗಂಭೀರವಾದದ್ದು. ಜೀವಂತವಾಗಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವು ಎಷ್ಟೆಂಬುದೇ ಶಿಶುಮರಣ ಪ್ರಮಾಣ. 2020ರ ಲೆಕ್ಕದಂತೆ ಇದು ಭಾರತದಲ್ಲಿ 28, ಕರ್ನಾಟಕದಲ್ಲಿ 19, ತಮಿಳುನಾಡಿನಲ್ಲಿ 13, ಕೇರಳದಲ್ಲಿ 6. ಬ್ರಿಟನ್, ಜಪಾನ್‌ಗಳಲ್ಲಿ ಪ್ರತಿಯೊಂದು ಜನನ ಮರಣವೂ ದಾಖಲಾಗುವುದರಿಂದ ಲೆಕ್ಕ ನೇರವಾಗಿ ದೊರೆಯುತ್ತದೆ. ನಮ್ಮಲ್ಲಿ ನೋಂದಣಿ ಪೂರ್ಣವಾಗಿಲ್ಲದ ಕಾರಣ, ಆಯ್ದ ಹಳ್ಳಿ ಮತ್ತು ವಾರ್ಡುಗಳ ಸಮೀಕ್ಷೆಯಿಂದ ಈ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಆ ಸಮೀಕ್ಷೆ ರಾಜ್ಯದ ಸರಾಸರಿಯನ್ನು ಹೇಳುತ್ತದೆ. ಹನೂರು ತಾಲ್ಲೂಕಿನ ಸ್ಥಿತಿಯನ್ನು ಹೇಳುವುದಿಲ್ಲ.

ಹಲವು ವರ್ಷಗಳ ಹಿಂದೆ ಹನೂರಿನಾಚೆಯ ಕಾಡಂಚಿನ ಊರಿನಿಂದ ಒಬ್ಬ ತಾಯಿ ನಿಶ್ಶಕ್ತಿಯೆಂದು ಬಂದಿದ್ದರು. ಎಷ್ಟು ಮಕ್ಕಳೆಂದು ಕೇಳಿದೆ, “ಎರಡು” ಎಂದರು. ಜೊತೆಗಿದ್ದ ಅತ್ತೆ ತುಸು ತಡೆದು, ನಡುವೆ ಇನ್ನೊಂದು ಹೆರಿಗೆ ಮನೆಯಲ್ಲಿಯೇ ಆಗಿತ್ತೆಂದೂ ಕೂಸು ಮೂರನೆಯ ದಿನ ಹೋಯಿತೆಂದೂ ಹೇಳಿದರು. ಬರೆಸಿದಿರಾ ಎಂದೆ. “ಹೆಸ್ರೇ ಕಟ್ಟದ ಕೂಸ್ಗ ಕಾಗ್ದ ಯಾಕ ಬುದ್ದಿ?” ಎಂದರು ಆ ಹಿರಿಯರು. ನನಗೆ ಮರುಮಾತು ಹೊರಡಲಿಲ್ಲ. ಆ ಕೂಸು ಹುಟ್ಟಿದ್ದೂ ಇಲ್ಲ, ಸತ್ತದ್ದೂ ಇಲ್ಲ ಎಂದೇ ದಾಖಲೆ ಹೇಳುತ್ತದೆ. ಇಂತಹ ಸಾವುಗಳು ಹೆಚ್ಚಿದಷ್ಟೂ ಕಾಗದದ ಮೇಲೆ ಆ ಊರು ಆರೋಗ್ಯವಾಗಿಯೇ ಕಾಣುತ್ತದೆ. ಅಲ್ಲಿಗೆ ದಾದಿ ಬೇಕು, ವಾಹನ ಬೇಕು ಎಂದು ಕೇಳಲು ಆಧಾರವೇ ಉಳಿಯುವುದಿಲ್ಲ.

ದೇಶ ಭೇದ

ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಎಲ್ಲರಿಗೂ ಕೊಡಬಾರದು. ದೇಶ, ಕಾಲ, ಬಲ, ಪ್ರಕೃತಿಗಳನ್ನು ವಿಚಾರಿಸಬೇಕೆಂಬುದು ಆಯುರ್ವೇದದ ನಿಯಮ. ಆರೋಗ್ಯ ನೀತಿಗೂ ಇದು ಸಲ್ಲುತ್ತದೆ.

ನಮ್ಮ ಸೀಮೆಯನ್ನೇ ನೋಡಿ. 1956ರ ನವೆಂಬರ್ 1ರವರೆಗೆ ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರಿನದಾಗಿತ್ತು. ಈಗ ಸರ್ಕಾರ ಒಂದೇ, ಯೋಜನೆಗಳೂ ಒಂದೇ. ಯಳಂದೂರಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟ್‌ನ ನಿರ್ವಹಣೆಗೆ ಒಪ್ಪಿಸಿತು. ಸರ್ಕಾರ ಮತ್ತು ಸೇವಾಸಂಸ್ಥೆ ಕೂಡಿ ನಡೆಯುವುದಕ್ಕೆ ಅದು ಮಾದರಿಯೆನಿಸಿತು. ಆದರೆ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕೆಲವು ಊರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದದ್ದುಂಟು. ಅಲ್ಲಿ ಮೊದಲು ಬೇಕಾದದ್ದು ದಾರಿ. ಒಂದೇ ಜಿಲ್ಲೆಯೊಳಗಿನ ಮಾದರಿಯೇ ಹಾಗೆಯೇ ಹೊಂದದಿರುವಾಗ, 1948ರಲ್ಲಿ ಆರಂಭವಾದ ಬ್ರಿಟನ್ನಿನ ವ್ಯವಸ್ಥೆಯನ್ನು ಯಥಾವತ್ತಾಗಿ ಇಲ್ಲಿಗೆ ತರಲಾದೀತೆ?

ಹಾಗೆಂದು ಹೋಲಿಕೆಯೇ ಬೇಡವೆಂದಲ್ಲ. ತಮಿಳುನಾಡು ಔಷಧ ಖರೀದಿಗೆಂದೇ 1994ರಲ್ಲಿ ನಿಗಮವೊಂದನ್ನು ಸ್ಥಾಪಿಸಿತು. ಅನ್ಯ ರಾಜ್ಯಗಳು ಅದರಿಂದ ಕಲಿತವು. ಯಾರು ಮುಂದು, ಯಾರು ಹಿಂದು ಎನ್ನುವುದಕ್ಕಿಂತ, ಅವರು ಏನು ಮಾಡಿದರು, ಅದು ನಮ್ಮ ನೆಲಕ್ಕೆ ಹೊಂದೀತೆ ಎಂದು ಕೇಳುವ ಹೋಲಿಕೆ ಫಲ ಕೊಡುತ್ತದೆ.

ಭಕ್ತರು ಮಾಡಬಹುದಾದದ್ದು

1. ಜನನವನ್ನೂ ಮರಣವನ್ನೂ 21 ದಿನಗಳೊಳಗೆ ನೋಂದಾಯಿಸಿ. ಈ ಅವಧಿಯಲ್ಲಿ ಶುಲ್ಕವಿಲ್ಲ. ಮನೆಯಲ್ಲಿ ನಡೆದರೆ ತಿಳಿಸುವ ಹೊಣೆ ಮನೆಯ ಯಜಮಾನರದು.

2. ಹುಟ್ಟಿದ ಕೂಸು ಒಮ್ಮೆ ಉಸಿರಾಡಿ ತೀರಿಕೊಂಡಿದ್ದರೂ ಜನನ, ಮರಣ ಎರಡನ್ನೂ ಬರೆಸಬೇಕು. ಸತ್ತು ಹುಟ್ಟಿದ ಕೂಸಿನ ದಾಖಲೆಯೂ ಆಗಬೇಕು.

3. ಗರ್ಭಿಣಿಯಾದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಕಾಡಂಚಿನವರು ದಿನ ಸಮೀಪಿಸುವ ಮೊದಲೇ ಆಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಗೆ ಬಂದಿರುವುದು ಲೇಸು.

ಆ ಹಿರಿಯ ತಾಯಿಗೆ ಅಂದು ಹೇಳಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಕಟ್ಟದ ಆ ಕೂಸಿಗೂ ಕಾಗದ ಬೇಕಮ್ಮ. ಅದರ ಹಿಂದೆ ಹುಟ್ಟುವ ಕೂಸುಗಳು ಉಳಿಯಲೆಂದು.